ಬೆಳ್ಳಿತೆರೆಯ ಮೇಲೆ ಒಂದು ಪ್ರಥಮ ವಾದನ

ಯುದ್ಧವನ್ನು ತೆರೆಯ ಮೇಲೆ ತೋರಿಸಬಹುದು, ಪ್ರಣಯವನ್ನೂ ತೋರಿಸಬಹುದು. ಆದರೆ ಮಾತಿಲ್ಲದ ಸಂಗೀತವೊಂದು ಮೊಟ್ಟಮೊದಲು ಜನರ ಕಿವಿಗೆ ಬಿದ್ದ ಗಳಿಗೆಯನ್ನು ತೋರಿಸುವುದು ಹೇಗೆ? ಈ ಪ್ರಶ್ನೆಗೆ ನಾನು ಕಂಡ ಉತ್ತಮ ಉತ್ತರ, ಬಿ.ಬಿ.ಸಿ.ಯವರು 2003ರಲ್ಲಿ ತಯಾರಿಸಿದ 'ಎರೋಯಿಕ' ಎಂಬ ಚಿತ್ರ.

ಸಿಂಫೊನಿ ಎಂದರೆ ಹಲವು ವಾದ್ಯಗಳು ಕೂಡಿ ನುಡಿಸುವ, ಸಾಮಾನ್ಯವಾಗಿ ನಾಲ್ಕು ಭಾಗಗಳುಳ್ಳ ದೀರ್ಘ ಕೃತಿ. ನಮ್ಮ ಕಚೇರಿಯಂತೆ ಅಲ್ಲಿ ವಾದಕರ ಮನೋಧರ್ಮಕ್ಕೆ ಹೆಚ್ಚು ಎಡೆಯಿಲ್ಲ. ನುಡಿಸಬೇಕಾದ ಸ್ವರಗಳೆಲ್ಲ ಕಾಗದದ ಮೇಲೆ ಬರೆದಿರುತ್ತವೆ. ಬೀಥೋವೆನ್ನನ ಮೂರನೆಯ ಸಿಂಫೊನಿಯನ್ನು 1804ರಲ್ಲಿ ವಿಯೆನ್ನಾದ ಲೋಬ್ಕೊವಿಟ್ಸ್ ಪ್ರಭುವಿನ ಅರಮನೆಯಲ್ಲಿ ಖಾಸಗಿಯಾಗಿ ನುಡಿಸಿ ನೋಡಿದರು. ಸಾರ್ವಜನಿಕ ಪ್ರದರ್ಶನ ನಡೆದದ್ದು 1805ರ ಏಪ್ರಿಲ್ 7ರಂದು. ಚಿತ್ರವು ಆರಿಸಿಕೊಂಡಿರುವುದು ಮೊದಲಿನ ಸಂದರ್ಭವನ್ನು.

ಆ ಆಯ್ಕೆಯಲ್ಲೇ ಅದರ ಜಾಣತನವಿದೆ. ಸಿದ್ಧವಾದ ಪ್ರದರ್ಶನದಲ್ಲಿ ಚಪ್ಪಾಳೆಯನ್ನಷ್ಟೇ ತೋರಿಸಬಹುದು. ಅಭ್ಯಾಸದಲ್ಲಿ ಹೆಣಗಾಟವನ್ನು ತೋರಿಸಬಹುದು. ವಾದಕರು ಎಂದೂ ಕಾಣದ ಸ್ವರಲಿಪಿಯ ಮುಂದೆ ತಡವರಿಸುತ್ತಾರೆ. ಮೊದಲನೆಯ ಭಾಗದಲ್ಲಿ ಒಂದೆಡೆ ಹಾರ್ನ್ ವಾದ್ಯವು ಮುಖ್ಯ ಸ್ವರಮಾಲೆಯನ್ನು ಉಳಿದವರಿಗಿಂತ ಮುಂಚಿತವಾಗಿ ಎತ್ತಿಕೊಳ್ಳುತ್ತದೆ. ಶಿಷ್ಯ ರೀಸ್ ಅದನ್ನು ವಾದಕನ ತಪ್ಪೆಂದು ಭಾವಿಸಿ ಹಾಗೆಂದೇ ಹೇಳಿದನಂತೆ. ಗುರುವಿನಿಂದ ಕಪಾಳಕ್ಕೆ ಏಟು ಬೀಳುವುದೊಂದು ಬಾಕಿಯಿತ್ತೆಂದು ಆತನೇ ಬರೆದಿದ್ದಾನೆ. ಇಂದು ಆ ಸ್ಥಳದಲ್ಲಿ ಯಾರೂ ಬೆಚ್ಚುವುದಿಲ್ಲ. ಅಂದಿನ ಬೆರಗನ್ನು ನಮಗೆ ಮರಳಿ ತಂದುಕೊಡುವುದೇ ಇಂಥ ಚಿತ್ರದ ಕೆಲಸವೆಂದು ನನ್ನ ಭಾವನೆ. ಆದ್ದರಿಂದಲೇ ಇಲ್ಲಿ ನುಡಿಸುವವರಷ್ಟೇ ಕೇಳುವವರ ಮುಖಗಳೂ ಮುಖ್ಯ. ಜಾನ್ ಎಲಿಯಟ್ ಗಾರ್ಡಿನರ್ ಅವರ ವಾದ್ಯವೃಂದವು ಆ ಕಾಲದ ಮಾದರಿಯ ವಾದ್ಯಗಳಲ್ಲಿಯೇ ಇಡೀ ಕೃತಿಯನ್ನು ನುಡಿಸಿದೆ.

ಚರಿತ್ರೆಯಿಂದ ಸ್ವಲ್ಪ ಸರಿದಿರುವುದೂ ಉಂಟು. ನೆಪೋಲಿಯನ್ ಚಕ್ರವರ್ತಿಯಾದನೆಂಬ ಸುದ್ದಿಗೆ ಸಿಟ್ಟಿಗೆದ್ದು ಬೀಥೋವೆನ್ ಆತನ ಹೆಸರಿದ್ದ ಪುಟವನ್ನು ಹರಿದ ಕಥೆಯನ್ನೂ ಅದೇ ದಿನಕ್ಕೆ ತಂದು ಸೇರಿಸಿದ್ದಾರೆ. ಕಾಲವನ್ನು ಹೀಗೆ ಕುಗ್ಗಿಸುವುದು ನಾಟಕದ ಧರ್ಮ, ಅದಕ್ಕೆ ಆಕ್ಷೇಪಿಸಬೇಕಾಗಿಲ್ಲ. ಆದರೆ 2006ರ 'ಕಾಪಿಯಿಂಗ್ ಬೀಥೋವೆನ್' ಚಿತ್ರದ ಮಾತು ಬೇರೆ. 1824ರ ಮೇ 7ರಂದು ಒಂಬತ್ತನೆಯ ಸಿಂಫೊನಿಯನ್ನು ಮೊದಲು ನುಡಿಸಿದಾಗ, ಕಿವುಡನಾಗಿದ್ದ ಬೀಥೋವೆನ್ನನ ಕೈಯನ್ನು ನೋಡದೆ ವಾದಕರು ಉಮ್ಲೌಫ್ ಎಂಬಾತನ ಸನ್ನೆಯನ್ನು ಅನುಸರಿಸಿದರು. ಚಿತ್ರದಲ್ಲಿ ಅವರ ನಡುವೆ ಅಡಗಿ ಕುಳಿತ ಕಲ್ಪಿತ ಯುವತಿಯೊಬ್ಬಳು ಬೀಥೋವೆನ್ನನಿಗೇ ಸನ್ನೆ ಮಾಡುತ್ತಾಳೆ. ದೃಶ್ಯ ಮನೋಹರ, ನಿಜ. ಆದರೆ ನಡೆದದ್ದೇ ಹೀಗೆಂದು ನೋಡುಗರು ನಂಬಿದರೆ, ದುಡಿದವನ ಹೆಸರು ಅಳಿದುಹೋಗುತ್ತದೆ.

ಕಾಲವನ್ನು ಕುಗ್ಗಿಸಲಿ, ಮಾತುಗಳನ್ನು ಕಲ್ಪಿಸಲಿ. ಮಾಡಿದವನ ಕೆಲಸವನ್ನು ಮಾತ್ರ ಮತ್ತೊಬ್ಬರಿಗೆ ಕೊಡದಿರಲಿ. ಇಷ್ಟನ್ನು ಪಾಲಿಸಿದ ಚಿತ್ರವು ಪಾಶ್ಚಾತ್ಯ ಸಂಗೀತವನ್ನರಿಯದ ನಮ್ಮಂಥವರಿಗೂ ಒಂದು ಒಳ್ಳೆಯ ಪ್ರವೇಶದ್ವಾರವಾಗಬಲ್ಲದು.