ನಿತ್ಯದ ಗುಳಿಗೆ: ಅರಿತು ಸೇವಿಸಿದರೆ ಅಭಯ

ಸರ್ಕಾರದ ಕುಟುಂಬ ಯೋಜನಾ ಕಾರ್ಯಕ್ರಮದಡಿ ಉಚಿತವಾಗಿ ದೊರೆಯುವ ಗರ್ಭನಿರೋಧಕ ಗುಳಿಗೆಗಳಲ್ಲಿ ಎರಡು ಮುಖ್ಯವಾದವು. ಒಂದು ‘ಮಾಲಾ-ಎನ್’, ಮತ್ತೊಂದು ‘ಛಾಯಾ’. ಹೊರನೋಟಕ್ಕೆ ಎರಡೂ ಗುಳಿಗೆಯ ಪಟ್ಟಿಗಳೇ. ಆದರೆ ಸೇವಿಸುವ ಕ್ರಮ ಪೂರ್ತಿ ಬೇರೆ. ಮಾಲಾ-ಎನ್ ಅನ್ನು ದಿನಕ್ಕೊಂದರಂತೆ ನುಂಗಬೇಕು. ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ನೆರೆಮನೆಯಾಕೆಯ ವಾರದ ಲೆಕ್ಕವನ್ನು ತನ್ನ ನಿತ್ಯದ ಗುಳಿಗೆಗೆ ಅನ್ವಯಿಸಿಕೊಂಡವಳಿಗೆ ರಕ್ಷಣೆಯೇ ಇರುವುದಿಲ್ಲ. ಇಲ್ಲಿ ಕೆಡುಕಾಗುವುದು ಔಷಧದಿಂದಲ್ಲ, ತಿಳಿಯದೆ ಉಳಿದ ಮಾತಿನಿಂದ.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಸೀಮೆಯ ಕನ್ನಡ ಕುಟುಂಬಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. 1956ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಕಲಬುರಗಿ ಜಿಲ್ಲೆಗೂ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಹೆಣ್ಣುಮಗಳ ಕೈಗೆ ಬರುವ ಔಷಧದ ಪಟ್ಟಿಯ ಮೇಲೆ ಕನ್ನಡದ ಅಕ್ಷರವಿರುವುದಿಲ್ಲ. ಆದ್ದರಿಂದ ಗುಳಿಗೆಯ ಕ್ರಮವನ್ನು ಕನ್ನಡದಲ್ಲಿ ಒಮ್ಮೆ ಸಾಂಗವಾಗಿ ತಿಳಿಯುವುದು ಅವಶ್ಯ.

ಗುಳಿಗೆಯಲ್ಲಿ ಏನಿದೆ

ಮಾಲಾ-ಎನ್ ಒಂದು ಸಂಯುಕ್ತ ಗುಳಿಗೆ; ಅಂದರೆ ಅದರಲ್ಲಿ ಎರಡು ಹಾರ್ಮೋನುಗಳಿವೆ. 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್. ಇವು ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತವೆ. ಒಂದು ಪಟ್ಟಿಯಲ್ಲಿ 28 ಗುಳಿಗೆಗಳು. ಮೊದಲ 21 ಬಿಳಿ ಗುಳಿಗೆಗಳಲ್ಲಿ ಹಾರ್ಮೋನು ಇರುತ್ತದೆ. ಬೇರೆ ಬಣ್ಣದ ಕೊನೆಯ 7 ಕೇವಲ ಕಬ್ಬಿಣಾಂಶದವು. ಈ ಏಳು ದಿನಗಳಲ್ಲೇ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಮುಟ್ಟು ನಿಲ್ಲದಿದ್ದರೂ ಪಟ್ಟಿ ಮುಗಿದ ಮರುದಿನವೇ ಹೊಸ ಪಟ್ಟಿಯನ್ನು ಆರಂಭಿಸಬೇಕು. ನಡುವೆ ಬಿಡುವು ಕೂಡದು.

ಕ್ರಮ ತಪ್ಪದೆ ಸೇವಿಸಿದರೆ ವರ್ಷವೊಂದರಲ್ಲಿ ನೂರು ಮಹಿಳೆಯರಲ್ಲಿ ಒಬ್ಬಳೂ ಗರ್ಭಿಣಿಯಾಗದಷ್ಟು ಪರಿಣಾಮ ಇದಕ್ಕಿದೆ. ಆದರೆ ಮರೆವು, ವಿಳಂಬಗಳು ಸೇರಿದ ಸಾಮಾನ್ಯ ಬಳಕೆಯಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಗರ್ಭ ಧರಿಸುತ್ತಾರೆ. ಈ ಅಂತರ ಗುಳಿಗೆಯ ದೋಷವಲ್ಲ, ಕ್ರಮದ ದೋಷ.

ಆರಂಭ ಮತ್ತು ಮರೆವು

ಮುಟ್ಟಿನ ಮೊದಲ ಐದು ದಿನಗಳೊಳಗೆ ಆರಂಭಿಸಿದರೆ ಬೇರೆ ರಕ್ಷಣೆ ಬೇಡ. ಅನಂತರ ಆರಂಭಿಸುವುದಾದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲ ಏಳು ದಿನ ನಿರೋಧ್ ಬಳಸಬೇಕು. ರಾತ್ರಿಯ ಊಟವಾದ ಮೇಲೆ ಎಂಬಂತೆ ದಿನದ ಒಂದು ಹೊತ್ತನ್ನು ಗೊತ್ತುಮಾಡಿಕೊಂಡರೆ ಮರೆವು ಕಡಿಮೆ.

ಒಂದು ಬಿಳಿ ಗುಳಿಗೆ ತಪ್ಪಿದರೆ ನೆನಪಾದ ಕೂಡಲೇ ಅದನ್ನು ನುಂಗಿ, ಆ ದಿನದ ಗುಳಿಗೆಯನ್ನು ಅದರ ಹೊತ್ತಿಗೇ ತೆಗೆದುಕೊಳ್ಳಬೇಕು. ಒಂದೇ ದಿನ ಎರಡಾದರೂ ಹಾನಿಯಿಲ್ಲ. ಎರಡು ಅಥವಾ ಹೆಚ್ಚು ಬಿಳಿ ಗುಳಿಗೆಗಳು ಸಾಲಾಗಿ ತಪ್ಪಿದ್ದರೆ, ತಪ್ಪಿದವುಗಳಲ್ಲಿ ಒಂದನ್ನು ತಕ್ಷಣ ನುಂಗಿ, ಉಳಿದ ತಪ್ಪಿದವನ್ನು ಬಿಟ್ಟು, ಪಟ್ಟಿಯನ್ನು ಮುಂದುವರಿಸಿ, ಏಳು ದಿನ ನಿರೋಧ್ ಬಳಸಬೇಕು. ಈ ಲೋಪ ಬಿಳಿ ಗುಳಿಗೆಗಳ ಮೂರನೆಯ ವಾರದಲ್ಲಾಗಿದ್ದರೆ, ಉಳಿದ ಬಿಳಿ ಗುಳಿಗೆಗಳನ್ನು ಮುಗಿಸಿ, ಬಣ್ಣದ ಏಳನ್ನು ಬಿಟ್ಟು ನೇರವಾಗಿ ಹೊಸ ಪಟ್ಟಿಗೆ ಹೋಗಬೇಕು. ಬಣ್ಣದ ಗುಳಿಗೆ ತಪ್ಪಿದರೆ ಗರ್ಭದ ಭಯವಿಲ್ಲ.

ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬಿಳಿ ಗುಳಿಗೆ ತೆಗೆದುಕೊಳ್ಳಬೇಕು. ಕ್ಷಯರೋಗದ ಔಷಧವಾದ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪೀನ್ ಮುಂತಾದವು ಈ ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ. ಅವುಗಳನ್ನು ಸೇವಿಸುವವರು ವೈದ್ಯರಿಗೆ ಹೇಳಿ ಬೇರೆ ವಿಧಾನ ಕೇಳಬೇಕು.

ಯಾರಿಗೆ ಸಲ್ಲದು

ಎಲ್ಲರಿಗೂ ಒಂದೇ ಗುಳಿಗೆ ಹಿತವಲ್ಲ. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು, 35 ದಾಟಿದ್ದು ಬೀಡಿ-ಸಿಗರೇಟು ಸೇದುವವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಕಣ್ಣ ಮುಂದೆ ಮಿಂಚು ಕಾಣಿಸಿಕೊಂಡು ಅರ್ಧತಲೆನೋವು ಬರುವವರು, ಸ್ತನ ಕ್ಯಾನ್ಸರ್ ಇರುವವರು ಇಲ್ಲವೆ ಹಿಂದೆ ಇದ್ದವರು, ಕಾಮಾಲೆ ಅಥವಾ ತೀವ್ರ ಯಕೃತ್ತಿನ ರೋಗವಿರುವವರು ಸಂಯುಕ್ತ ಗುಳಿಗೆಯನ್ನು ಬಳಸಬಾರದು. ಮೊಲೆಯೂಡಿಸುವ ತಾಯಂದಿರು ಹೆರಿಗೆಯಾದ ಆರು ತಿಂಗಳವರೆಗೆ ಇದರಿಂದ ದೂರವಿರಬೇಕು. ಅಂಥವರಿಗೆ ಹಾರ್ಮೋನುರಹಿತವಾದ ಛಾಯಾ ಒಂದು ದಾರಿ. ಆದ್ದರಿಂದ ಮೊದಲ ಪಟ್ಟಿಗೆ ಮುನ್ನ ರಕ್ತದೊತ್ತಡ ಅಳೆಸಿಕೊಳ್ಳುವುದು ಔಪಚಾರಿಕತೆಯಲ್ಲ, ರಕ್ಷಾಕವಚ.

ಆರಂಭದ ಎರಡು-ಮೂರು ತಿಂಗಳು ವಾಕರಿಕೆ, ಸ್ತನಗಳಲ್ಲಿ ಬಿಗುವು, ಮಧ್ಯೆ ಮಧ್ಯೆ ರಕ್ತದ ಕಲೆ ಕಾಣಿಸಬಹುದು. ಇವು ಬಹುಮಟ್ಟಿಗೆ ತಾವಾಗಿ ಶಮನಗೊಳ್ಳುತ್ತವೆ. ಆದರೆ ತೀವ್ರ ಹೊಟ್ಟೆನೋವು, ಎದೆನೋವು ಅಥವಾ ಉಸಿರಾಟದ ತೊಂದರೆ, ಹಿಂದೆಂದೂ ಕಾಣದ ತಲೆನೋವು, ದೃಷ್ಟಿ ಮಂಜಾಗುವುದು, ಒಂದೇ ಕಾಲಿನ ಮೀನಖಂಡದಲ್ಲಿ ನೋವು-ಊತ, ಈ ಐದರಲ್ಲಿ ಒಂದು ಕಂಡರೂ ಗುಳಿಗೆಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗುಳಿಗೆಯಿಂದ ಬಂಜೆತನ ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಬಿಟ್ಟ ಮೇಲೆ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಾಧ್ಯತೆಯನ್ನು ಇದು ಕಡಿಮೆ ಮಾಡುತ್ತದೆ. ಆದರೆ ಎಚ್‌ಐವಿ ಮುಂತಾದ ಲೈಂಗಿಕ ಸೋಂಕುಗಳಿಂದ ಇದು ಕಾಪಾಡದು. ಅದಕ್ಕೆ ನಿರೋಧ್ ಒಂದೇ ಆಶ್ರಯ.

ನಿರ್ಧಾರ ಯಾರದು

ಗಂಡನ ಅಥವಾ ಅತ್ತೆಯ ಒಪ್ಪಿಗೆಯಿಲ್ಲದೆ ಗುಳಿಗೆ ಪಡೆಯಬಾರದೆಂಬ ಭಾವನೆ ಹಲವು ಮನೆಗಳಲ್ಲಿದೆ. ಪ್ರಾಪ್ತ ವಯಸ್ಸಿನ ಹೆಣ್ಣಿಗೆ ಅಂಥ ಸಹಿ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸಂತಾನದ ಆಯ್ಕೆ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಪತಿ-ಪತ್ನಿಯರು ಕೂಡಿ ನಿರ್ಧರಿಸಿದರೆ ಸೊಗಸು. ಗುಳಿಗೆಯ ಹೊತ್ತನ್ನು ನೆನಪಿಸುವ ಗಂಡ ನಿಜವಾದ ಸಹಾಯಕ. ಆದರೆ ನುಂಗುವ ದೇಹ ಅವಳದು, ಕೊನೆಯ ಮಾತೂ ಅವಳದೇ.

ಕನ್ನಡನಾಡಿಗೆ ಈ ವಿಚಾರ ಹೊಸದಲ್ಲ. ಅಮೆರಿಕದಲ್ಲಿ ಗರ್ಭನಿರೋಧಕ ಗುಳಿಗೆಗೆ ಅನುಮತಿ ದೊರೆತದ್ದು 1960ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದಿತ್ತು. ಸರ್ಕಾರವೊಂದು ಹೀಗೆ ಮುಂದಾದ ಮೊದಲ ಉದಾಹರಣೆಗಳಲ್ಲಿ ಅದೊಂದು.

ಆಸ್ಪತ್ರೆಯಲ್ಲಾಗಲಿ ಉಪಕೇಂದ್ರದಲ್ಲಾಗಲಿ ಮೊದಲ ಪಟ್ಟಿ ಪಡೆಯುವವಳು ನಾಲ್ಕು ಪ್ರಶ್ನೆ ಕೇಳಬೇಕು: ಇದು ದಿನದ ಗುಳಿಗೆಯೋ ವಾರದ ಗುಳಿಗೆಯೋ? ನನ್ನ ರಕ್ತದೊತ್ತಡ ಎಷ್ಟಿದೆ? ನಾನು ಸೇವಿಸುತ್ತಿರುವ ಬೇರೆ ಔಷಧಗಳೊಂದಿಗೆ ಇದು ಹೊಂದುತ್ತದೆಯೇ? ತಪ್ಪಿದರೆ ಏನು ಮಾಡಲಿ? ಉತ್ತರ ತಿಳಿಯದಿದ್ದರೆ ತನ್ನ ಮಾತಿನಲ್ಲಿ ಹೇಳಿಸಿಕೊಳ್ಳಲು ಸಂಕೋಚಪಡಬೇಕಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಗುಳಿಗೆಯ ಜೊತೆ ಒಂದು ಪುಟದ ಕನ್ನಡ ಸೂಚನೆ ಬೇಕೆಂಬ ಮನವಿಯನ್ನು ಶಾಲೆಯ ಪಾಲಕರ ಸಭೆಯೇ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳುಹಿಸಬಹುದು. ಅದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಹತ್ತು ಸಹಿ.