ಚಳಿಗೆ ಸೊರಗುವ ಉರಿ
ಮಾಗಿಯ ಮುಂಜಾವಿನಲ್ಲಿ ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಸಮಾರಾಧನೆಯ ಅಡಿಗೆಗೆ ದೊಡ್ಡ ಒಲೆಗಳನ್ನು ಒಂದೇ ಸಿಲಿಂಡರಿನಿಂದ ಉರಿಸಿದಾಗ, ಒಳಗೆ ಅನಿಲವಿದ್ದರೂ ಉರಿ ಸೊರಗುವುದನ್ನು ನಾವು ಕಾಣುತ್ತೇವೆ. ಇದೇಕೆ?

ಸಿಲಿಂಡರಿನೊಳಗೆ ಪ್ರೋಪೇನ್, ಬ್ಯೂಟೇನ್‌ಗಳು ಒತ್ತಡದಿಂದ ದ್ರವವಾಗಿರುತ್ತವೆ. ಆ ದ್ರವ ಆವಿಯಾದರೆ ಮಾತ್ರ ಒಲೆ ಉರಿಯುವುದು. ಆವಿಯಾಗಲು ಬೇಕಾದ ಶಾಖವನ್ನು ಅದು ತನ್ನಿಂದಲೂ ಉಕ್ಕಿನ ಗೋಡೆಯಿಂದಲೂ ಸೆಳೆದುಕೊಳ್ಳುತ್ತದೆ; ಸಿಲಿಂಡರು ತಣ್ಣಗಾಗಿ ಬೆವರುತ್ತದೆ, ಒತ್ತಡ ಇಳಿಯುತ್ತದೆ. ದ್ರವ ಕಾರ್ಬನ್ ಡೈಆಕ್ಸೈಡಿನ ಬಲದಿಂದ ಬಣ್ಣದ ಗುಂಡೆಸೆಯುವ ಆಟದ ಬಂದೂಕು ಚಳಿಯಲ್ಲಿ ಕೈಕೊಡುವುದೂ ಹೀಗೆಯೇ.

ಸಿಲಿಂಡರನ್ನು ಮಲಗಿಸಿದರೆ ದ್ರವವೇ ಒಲೆಗೆ ಹರಿದು ಉರಿ ಭುಗಿಲೇಳಬಹುದು. ಬೆಂಕಿಯಿಂದ ಕಾಯಿಸುವುದಂತೂ ಪ್ರಾಣಾಪಾಯ. ಒಲೆಗಳನ್ನು ಎರಡು ಸಿಲಿಂಡರುಗಳಿಗೆ ಹಂಚಿ, ಒಂದೊಂದರಿಂದಲೂ ನಿಧಾನವಾಗಿ ಅನಿಲ ಪಡೆಯುವುದೇ ಸರಿಯಾದ ದಾರಿ.