ಸರ್ಕಾರಿ ಶಾಲೆ ನೋಡೋಕೆ ಹೋಗ್ತಿದ್ದೀರಾ? ಮೊದಲು ಟೀಚರ್‌ಗಳನ್ನ ಎಣಿಸಿ

ಇವತ್ತಿನ ಎಪಿಸೋಡ್ ಹುಟ್ಟಿದ್ದು ನಮ್ಮಕ್ಕನ ಒಂದು ಪ್ರಶ್ನೆಯಿಂದ. ಅಕ್ಕ-ಭಾವ ಇರೋದು ಹನುಮಂತನಗರದಲ್ಲಿ, ಬಾಡಿಗೆ ಮನೆ, ಭಾವ ಕ್ಯಾಬ್ ಓಡಿಸ್ತಾರೆ. ಮಗಳಿಗೆ ಬರೋ ಜೂನ್‌ಗೆ ಆರು ತುಂಬಿರುತ್ತೆ, ಒಂದನೇ ಕ್ಲಾಸ್. ಒಂದು ಖಾಸಗಿ ಶಾಲೆಯಲ್ಲಿ ಕೇಳಿದ್ರು, ವರ್ಷದ ಫೀಸು ಅವರ ಐದು ತಿಂಗಳ ಬಾಡಿಗೆಗಿಂತ ಜಾಸ್ತಿ. "ನೀನು ಬಿಕಾಂ ಓದಿದ್ದೀಯಲ್ಲೋ, ಹತ್ತಿರದ ಸರ್ಕಾರಿ ಶಾಲೆ ಸರಿ ಇದೆಯಾ ಅಂತ ಲೆಕ್ಕ ಹಾಕಿ ಹೇಳು" ಅಂದ್ಲು.

"ಆರ್‌ಟಿಇ ಸೀಟ್ ಟ್ರೈ ಮಾಡಬಹುದಲ್ವಾ?" ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರ. ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಬಡ ಮಕ್ಕಳಿಗೆ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ, ನಿಜ. ಆದರೆ ಕರ್ನಾಟಕ 2019ರಲ್ಲಿ ನಿಯಮ ಬದಲಾಯಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ಹೈಕೋರ್ಟ್ ಕೂಡ ಅದೇ ವರ್ಷ ಅದನ್ನ ಎತ್ತಿಹಿಡಿಯಿತು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಸರ್ಕಾರಿ ಶಾಲೆ ಹತ್ತಿರದಲ್ಲೇ ಇರುತ್ತೆ. ಹಾಗಾಗಿ ಆ ಬಾಗಿಲು ಮುಚ್ಚಿದ ಹಾಗೇ. ಉಳಿದಿರೋದು ಆ ಹತ್ತಿರದ ಶಾಲೆ ಹೇಗಿದೆ ಅನ್ನೋ ಪ್ರಶ್ನೆ.

ಮೊದಲ ಕೆಲಸ ಮೊಬೈಲ್‌ನಲ್ಲೇ ಆಗುತ್ತೆ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರು. ಯುಡೈಸ್ ಪ್ಲಸ್ ಜಾಲತಾಣದಲ್ಲಿ 'ನೋ ಯುವರ್ ಸ್ಕೂಲ್' ಅಂತ ಒಂದು ಭಾಗ ಇದೆ. ಅಲ್ಲಿ ಶಾಲೆ ಹುಡುಕಿದರೆ ಮಕ್ಕಳೆಷ್ಟು, ಟೀಚರ್ ಎಷ್ಟು, ಕೊಠಡಿ ಎಷ್ಟು, ಶೌಚಾಲಯ ಎಷ್ಟು ಎಲ್ಲ ಬರುತ್ತೆ. ಆದರೆ ಇದು ಶಾಲೆಯವರೇ ತುಂಬಿದ ಮಾಹಿತಿ, ಅದೂ ಹಿಂದಿನ ವರ್ಷದ್ದು. ಕಾಮರ್ಸ್ ಓದಿದವರಿಗೆ ಗೊತ್ತು, ಪುಸ್ತಕದಲ್ಲಿರೋ ಸ್ಟಾಕ್ ಬೇರೆ, ಗೋಡೌನ್‌ನಲ್ಲಿರೋ ಸ್ಟಾಕ್ ಬೇರೆ. ರಿಪೋರ್ಟ್ ಇಟ್ಕೊಂಡು ಶಾಲೆಗೆ ಹೋಗಿ ತಾಳೆ ನೋಡಲೇಬೇಕು.

ಈಗ ಇವತ್ತಿನ ಮುಖ್ಯ ವಿಷಯ. ರಿಪೋರ್ಟ್‌ನಲ್ಲಿ 48 ಮಕ್ಕಳು, 2 ಟೀಚರ್ ಅಂತ ಇದೆ ಅಂದ್ಕೊಳ್ಳಿ. 24 ಮಕ್ಕಳಿಗೆ ಒಬ್ಬ ಟೀಚರ್! ಖಾಸಗಿ ಶಾಲೆಯಲ್ಲಿ 40 ಮಕ್ಕಳು ಒಂದೇ ಕ್ಲಾಸಲ್ಲಿ ಕೂತಿರ್ತಾರೆ, ಇದೇ ವಾಸಿ ಅನ್ಸುತ್ತೆ. ಅಲ್ಲೇ ಸರಾಸರಿ ನಮಗೆ ಟೋಪಿ ಹಾಕೋದು. 1ರಿಂದ 5ರವರೆಗೆ ಐದು ಕ್ಲಾಸ್ ಇದೆ, ಪಾಠ ಮಾಡೋರು ಇಬ್ಬರು.

ಇದು ಕಾನೂನುಬಾಹಿರ ಏನಲ್ಲ. ಕಾಯ್ದೆಯಲ್ಲೇ ಪಟ್ಟಿ ಇದೆ: 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 90ರವರೆಗೆ 3, 120ರವರೆಗೆ 4, 200ರವರೆಗೆ 5. ಅಂದ್ರೆ ಪ್ರತಿ ಕ್ಲಾಸಿಗೂ ಒಬ್ಬ ಟೀಚರ್ ಖಾತ್ರಿಯಾಗೋದು ಮಕ್ಕಳ ಸಂಖ್ಯೆ 120 ದಾಟಿದ ಮೇಲೆ. ಮಕ್ಕಳು ಕಡಿಮೆ ಇದ್ದಷ್ಟೂ ಗಮನ ಜಾಸ್ತಿ ಸಿಗುತ್ತೆ ಅಂತ ನಾವು ಅಂದ್ಕೋತೀವಿ. ಚಿಕ್ಕ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಉಲ್ಟಾ. 45 ಮಕ್ಕಳಿರೋ ಶಾಲೆಗಿಂತ, ಸ್ವಲ್ಪ ಗದ್ದಲ ಅನ್ನಿಸೋ 130 ಮಕ್ಕಳ ಶಾಲೆಯಲ್ಲಿ ನಿಮ್ಮ ಮಗುಗೆ ದಿನವಿಡೀ ತನ್ನದೇ ಟೀಚರ್ ಸಿಗೋ ಸಾಧ್ಯತೆ ಹೆಚ್ಚು. ನನ್ನನ್ನ ಕೇಳಿದ್ರೆ ಪೇಂಟ್, ಸ್ಮಾರ್ಟ್ ಕ್ಲಾಸ್ ಟಿವಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಈ ಒಂದು ನಂಬರ್: ಟೀಚರ್ ಎಷ್ಟು, ಕ್ಲಾಸ್ ಎಷ್ಟು.

ಹೋದಾಗ 1, 2, 3ನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರೆ ಗಾಬರಿ ಆಗಬೇಡಿ. ಅದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಕಾರ್ಡುಗಳಿರುತ್ತವೆ, ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತೆ. ಟೀಚರ್ ಗುಂಪಿಂದ ಗುಂಪಿಗೆ ಓಡಾಡ್ತಿದ್ದರೆ ಅದು ಚೆನ್ನಾಗೇ ನಡೆಯುತ್ತೆ. ಕಾರ್ಡುಗಳು ಬೀರುವಿನಲ್ಲಿ ಧೂಳು ಹಿಡೀತಿದ್ದು, ಮೂರು ಕ್ಲಾಸಿನವರೂ ಬೋರ್ಡ್ ನೋಡಿ ಕಾಪಿ ಮಾಡ್ತಿದ್ದರೆ ಅದು ಹೆಸರಿಗೆ ಮಾತ್ರ ನಲಿ-ಕಲಿ.

ಮುಖ್ಯ ಶಿಕ್ಷಕರನ್ನ ಕೇಳಬೇಕಾದ್ದು ಎರಡು. ಇರೋ ಟೀಚರ್‌ಗಳಲ್ಲಿ ಕಾಯಂ ಎಷ್ಟು, ಅತಿಥಿ ಶಿಕ್ಷಕರು ಎಷ್ಟು? ಬೇರೆ ಡ್ಯೂಟಿ ಬಿದ್ದಾಗ ಕ್ಲಾಸ್ ಯಾರು ನೋಡ್ಕೋತಾರೆ? 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಟೀಚರ್‌ಗಳನ್ನೇ ಹಾಕಿ, ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಗಿದ್ದು ನೆನಪಿದೆಯಲ್ಲ? ಅದರ ಮೇಲೆ ಚುನಾವಣೆ, ಮತದಾರರ ಪಟ್ಟಿ, ತರಬೇತಿ. ಇಬ್ಬರೇ ಇರೋ ಶಾಲೆಯಲ್ಲಿ ಒಬ್ಬರು ಹೋದ್ರೆ ಆ ದಿನ ಪಾಠ ಇಲ್ಲ, ಮಕ್ಕಳನ್ನ ಕಾಯೋದಷ್ಟೇ. ಇದು ಟೀಚರ್‌ಗಳ ತಪ್ಪಲ್ಲ, ಜಗಳ ಆಡೋ ಧಾಟಿಯಲ್ಲಿ ಕೇಳಬೇಡಿ ದಯವಿಟ್ಟು.

ಓದು ಹೇಗಿದೆ ಅಂತ ತಿಳಿಯೋಕೆ ಒಂದು ಸುಲಭ ದಾರಿ. ಪ್ರಥಮ್ ಸಂಸ್ಥೆ 2005ರಿಂದ ಮಾಡ್ತಿರೋ 'ಅಸರ್' ಸಮೀಕ್ಷೆಯಲ್ಲಿ ಓದಿನ ಪರೀಕ್ಷೆ ಅಕ್ಷರ, ಪದಗಳಿಂದ ಶುರುವಾಗಿ ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆಗೆ ಮುಗಿಯುತ್ತೆ. ಅದು ಹಳ್ಳಿಗಳ ಸಮೀಕ್ಷೆ, ಆದರೆ ಉಪಾಯ ನಮಗೂ ಆಗುತ್ತೆ. ಆ ಶಾಲೆಗೆ ಹೋಗೋ ಮೂರು-ನಾಲ್ಕನೇ ಕ್ಲಾಸಿನ ಮಗು ನಿಮ್ಮ ಬೀದಿಯಲ್ಲಿ ಇದ್ದೇ ಇರುತ್ತೆ. ಅವರ ಮನೆಗೆ ಹೋಗಿ ಎರಡನೇ ಕ್ಲಾಸಿನ ಪುಸ್ತಕದ ಒಂದು ಪುಟ ಓದಿಸಿ, ನೋಟ್‌ಬುಕ್ ನೋಡಿ. ತಪ್ಪು ಕಾಗುಣಿತದ ಮೇಲೂ ಕೆಂಪು ಇಂಕಿನ ರೈಟ್ ಮಾರ್ಕ್ ಇದ್ರೆ ಯಾರೂ ಓದಿ ನೋಡಿಲ್ಲ ಅಂತಾನೇ. ಒಂದೇ ಮಗು ನೋಡಿ ತೀರ್ಮಾನ ಮಾಡಬೇಡಿ, ಮೂರು ನಾಲ್ಕು ಮಕ್ಕಳಾದ್ರೂ ಬೇಕು. ಶಾಲೆ ಒಳಗೆ ನುಗ್ಗಿ ಮಕ್ಕಳಿಗೆ ಪರೀಕ್ಷೆ ಮಾಡೋ ಇನ್‌ಸ್ಪೆಕ್ಟರ್ ಆಗೋದಂತೂ ಬೇಡವೇ ಬೇಡ.

ಊಟದ ಬಗ್ಗೆ ಅಕ್ಕನಿಗೆ ಭಯ ಇತ್ತು. ನಗರದಲ್ಲಿ ಬಹಳಷ್ಟು ಶಾಲೆಗಳಿಗೆ ಬಿಸಿಯೂಟ ದೊಡ್ಡ ಅಡುಗೆಮನೆಗಳಿಂದ ಬರುತ್ತೆ, ಅದಮ್ಯ ಚೇತನದ್ದು ಇಲ್ಲೇ ಗವಿಪುರ ಗುಟ್ಟಹಳ್ಳಿಯಲ್ಲಿದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು. ಊಟದ ಹೊತ್ತಿಗೆ ಹೋಗಿ, ಟೀಚರ್‌ಗಳು ರುಚಿ ನೋಡ್ತಾರಾ, ಮಕ್ಕಳು ಎರಡನೇ ಸಲ ಬಡಿಸ್ಕೋತಾರಾ ನೋಡಿದ್ರೆ ಸಾಕು. ಅದೇ ಹೊತ್ತಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಹತ್ತಿರ ನಲ್ಲಿ ತಿರುಗಿಸಿ. ರಿಪೋರ್ಟ್‌ನಲ್ಲಿ ಎರಡು ಶೌಚಾಲಯ ಇರುತ್ತೆ, ಒಂದಕ್ಕೆ ಬೀಗ, ಇನ್ನೊಂದರಲ್ಲಿ ನೀರಿಲ್ಲ ಅನ್ನೋದು ಅಲ್ಲೇ ಗೊತ್ತಾಗೋದು.

ಇಂಗ್ಲಿಷ್ ಮೀಡಿಯಂ ಬೇಕು ಅನ್ನೋರಿಗೆ: 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಅದು ಶುರುವಾಯ್ತು. ಬೋರ್ಡ್ ನೋಡಿ ಖುಷಿಪಡೋ ಮುಂಚೆ, ಅದಕ್ಕೆ ಬೇರೆ ಟೀಚರ್ ಇದ್ದಾರಾ ಅಥವಾ ಅದೇ ಇಬ್ಬರ ಹೆಗಲಿಗೆ ಇನ್ನೊಂದು ಹೊರೆಯಾ ಕೇಳಿ. ಹಾಗೇ ಶಾಲೆ ಕಿರಿಯ ಪ್ರಾಥಮಿಕವಾ, ಹಿರಿಯ ಪ್ರಾಥಮಿಕವಾ ನೋಡಿ. ಕಿರಿಯ ಅಂದ್ರೆ ಐದಕ್ಕೆ ಮುಗೀತು, ಆರನೇ ಕ್ಲಾಸಿಗೆ ಮತ್ತೆ ಹುಡುಕಾಟ.

ಇನ್ನೊಂದು ಮಾತು, ಎಸ್‌ಡಿಎಂಸಿ. ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತ ಕಾಯ್ದೆ ಹೇಳುತ್ತೆ. ಕೊನೇ ಸಭೆ ಯಾವಾಗ ಆಯ್ತು ಅಂತ ಸದಸ್ಯರೊಬ್ಬರನ್ನ ಕೇಳಿ. ತಾರೀಖು ಥಟ್ಟಂತ ಬಂದ್ರೆ ಆ ಶಾಲೆಯಲ್ಲಿ ನಲ್ಲಿ ಕೆಟ್ಟರೆ ಕೇಳೋರು ಇದ್ದಾರೆ ಅಂತ ಅರ್ಥ. ನಾನು ಮಾತಾಡಿಸಿದ ಒಬ್ಬ ತಾಯಿಗೆ ತಾವು ಸಮಿತಿಯಲ್ಲಿದ್ದೀವಿ ಅನ್ನೋದೇ ಗೊತ್ತಿರಲಿಲ್ಲ!

ಅಕ್ಕ ಎರಡು ಶಾಲೆ ನೋಡಿದ್ದಾಳೆ. ಹತ್ತಿರದ್ದು ಚಿಕ್ಕದು. ಸ್ವಲ್ಪ ದೂರದ್ದರಲ್ಲಿ ಕ್ಲಾಸಿಗೊಬ್ಬ ಟೀಚರ್ ಇದ್ದಾರೆ, ಆದರೆ ದೊಡ್ಡ ರಸ್ತೆ ದಾಟಬೇಕು. ಯಾರು ಬಿಡೋದು, ಯಾರು ಕರ್ಕೊಂಡು ಬರೋದು ಅನ್ನೋ ಚರ್ಚೆ ಮನೆಯಲ್ಲಿ ಇನ್ನೂ ನಡೀತಿದೆ.

ಸೇರಿಸೋಕೆ ಹೋಗೋರು ಜನನ ಪ್ರಮಾಣಪತ್ರ, ಆಧಾರ್ ಇಟ್ಕೊಂಡು ಹೋಗಿ. ವಯಸ್ಸಿನ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ಯಾವ ಶಾಲೆಯೂ ಮಗುಗೆ ಪ್ರವೇಶ ನಿರಾಕರಿಸೋ ಹಾಗಿಲ್ಲ, ಅದು ಕಾಯ್ದೆಯ 14ನೇ ಸೆಕ್ಷನ್. ಬೇಡ ಅಂದ್ರೆ ಕಾರಣ ಬರೆದುಕೊಡಿ ಅಂತ ಕೇಳಿ, ಆ ಕಾಗದ ತಗೊಂಡು ಬಿಇಒ ಆಫೀಸಿಗೆ ಹೋಗಿ.